ಅಪ್ಪನ ಗಡ್ಡ

ಮಾಲೂರು
6 ಜನವರಿ 2025

ಅಕ್ಕಾ,

ನಿನ್ನೆ ಫೋನ್ ಮಾಡಿ ಏನೂ ಹೇಳದೆ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ನೀನು ಸ್ಪೀಕರ್ ಹಾಕಿದ್ದೆ. ಹಿಂದಿನಿಂದ ಯಾರೋ "ಅಕ್ಕಾ, ಇನ್ನೊಂದ್ ಮುದ್ದೆ" ಎಂದರು, ಇನ್ಯಾರೋ ನನಗೇ ನಮಸ್ಕಾರ ಹೇಳಿದರು. ಹೆದ್ದಾರಿ ಪಕ್ಕ ಮೂವತ್ತು ವರ್ಷ ಮೆಸ್ ನಡೆಸಿ ಲಾರಿ ಹಾರನ್ನಿಗೆ ನಿನ್ನ ಕಿವಿ ಹೋಯಿತು. ಈಗ ನಿನಗೆ ಒಂದು ಗುಟ್ಟು ಹೇಳಿದರೆ ಇಡೀ ನಂಗಲಿಗೆ ಹೇಳಿದ ಹಾಗೆ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಇನ್‌ಲ್ಯಾಂಡ್ ತಂದೆ. ಕೊಡುವವನು ನನ್ನ ಮುಖವನ್ನು ಎರಡು ಸಲ ನೋಡಿದ.

ಶ್ರೀನಿವಾಸಪುರದಲ್ಲಿ ನಮ್ಮ ಚಿಕ್ಕಪ್ಪನ ಮಗ ಅನಿಲ್‌ಕುಮಾರ್‌ಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಗಿದೆ. ಅವನಿಗಿನ್ನೂ ನಲವತ್ತಾರು. ಇದು ಕೆಲವು ಮನೆತನದಲ್ಲಿ ಇಳಿದು ಬರುತ್ತದಂತೆ, ರಕ್ತಸಂಬಂಧಿಗಳೆಲ್ಲ ತೋರಿಸಿಕೊಳ್ಳಲಿ ಎಂದಿದ್ದಾರೆ ಡಾಕ್ಟರು. ನಾನು ಕೋಲಾರಕ್ಕೆ ಹೋಗಿದ್ದೆ. ಅಲ್ಲೊಂದು ಫಾರಂ ಕೊಟ್ಟರು. "ತಂದೆ: ಮರಣದ ಕಾರಣ, ಆಗಿನ ವಯಸ್ಸು." ಕಾಮಾಲೆ ಎಂದು ಬರೆಯಹೊರಟವನು ಪೆನ್ನು ಎತ್ತಿಬಿಟ್ಟೆ. ಅಪ್ಪ ಹೋದಾಗ ನನಗೆ ಏಳು ವರ್ಷ. ಕಾಮಾಲೆ ಎಂದು ಹೇಳಿದ್ದು ನೀನು. ನಾನು ನೋಡಿದ್ದಲ್ಲ.

ಅಪ್ಪನಿಗೂ ಇದೇ ಆಗಿದ್ದರೆ ನನ್ನ ಲೆಕ್ಕವೇ ಬೇರೆಯಂತೆ, ಪರೀಕ್ಷೆ ಮುಂದಕ್ಕೆ ಹಾಕುವ ಹಾಗಿಲ್ಲವಂತೆ. ಕೆಳಗಿನಿಂದ ನಳಿಕೆ ಹಾಕಿ ನೋಡುವುದೇ ಸರಿಯಾದ ಪರೀಕ್ಷೆ ಎಂದರು. ನಾನು ಬೆವರಿದ್ದು ನೋಡಿ ಇನ್ನೊಂದು ದಾರಿ ಹೇಳಿದರು. ಕ್ಯಾಮೆರಾ ಇರುವ ಮಾತ್ರೆ. ನೀರಿನ ಜೊತೆ ನುಂಗಿದರೆ ಕರುಳಿನ ಉದ್ದಕ್ಕೂ ಚಿತ್ರ ತೆಗೆಯುತ್ತಾ ಹೋಗುತ್ತದೆ. ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಯಲ್ಲಿ ಚಿತ್ರಗಳು ಬಂದು ಸೇರುತ್ತವೆ. ಆಮೇಲೆ ಅದು ತಾನಾಗಿ ಹೊರಗೆ ಬರುತ್ತದೆ.

ಅಪ್ಪನಿಗೆ ನಿಜವಾಗಿ ಏನಾಗಿತ್ತು? ಅದೊಂದನ್ನು ಬರೆ.

ನಿನ್ನ ತಮ್ಮ
ಗಂಗಾಧರ

*

ನಂಗಲಿ
15 ಜನವರಿ 2025

ಗಂಗಾಧರ,

ನಿನ್ನ ಕಾಗದವನ್ನು ಹಿಟ್ಟಿನ ಡಬ್ಬದ ಹಿಂದೆ ನಿಂತು ಓದಿದೆ. ನಿಮ್ಮ ಭಾವ "ಏನೇ ಅದು, ಲವ್ ಲೆಟರಾ?" ಎಂದರು. ಐವತ್ತೈದರ ಹೆಂಗಸಿಗೆ ಬರುವ ಲವ್ ಲೆಟರಿನಲ್ಲಿ ಕರುಳು, ನಳಿಕೆ ಎಲ್ಲ ಇರುತ್ತದೆಂದು ಅವರಿಗೇನು ಗೊತ್ತು.

ಅಪ್ಪನಿಗೆ ಕಾಮಾಲೆ ಕಣೋ. ಕಣ್ಣು ಅರಿಶಿನ ಆಗಿತ್ತು, ನಾನೇ ನೋಡಿದ್ದೇನೆ. ಅದನ್ನೇ ಬರೆ. ಮೂವತ್ತನಾಲ್ಕು ವರ್ಷದ ಹಿಂದೆ ಹೋದವರನ್ನು ಎಬ್ಬಿಸಿ ಈಗ ಕೇಳುವುದೇನಿದೆ?

ಹಬ್ಬಕ್ಕೆ ಪಲಮನೇರಿನವರು ಬಂದಿದ್ದರು. ಹುಡುಗನಿಗೆ ನಮ್ಮ ರಜನಿ ಒಪ್ಪಿಗೆ, ರಜನಿಗೆ ಅವನು ಒಪ್ಪಿಗೆ. ಮೇ ತಿಂಗಳಲ್ಲಿ ಮದುವೆ. ಈ ಹೊತ್ತಿನಲ್ಲಿ ಆ ರೋಗದ ಹೆಸರನ್ನು ಕಾಗದದ ಮೇಲೂ ಬರೆಯಬೇಡ. ನಿನಗೂ ಒಬ್ಬಳು ಮಗಳಿದ್ದಾಳೆ, ನೆನಪಿರಲಿ.

ಅಂದಹಾಗೆ ಆ ಮಾತ್ರೆ ಎಷ್ಟು ದಪ್ಪ? ನುಂಗಿದ ದಿನ ಒಲೆ ಮುಂದೆ ನಿಲ್ಲಬಹುದಾ? ಸಿಕ್ಕಿಕೊಂಡರೆ ಏನು ಮಾಡುತ್ತಾರೆ? ಹೊರಗೆ ಬಂದಮೇಲೆ ತೊಳೆದು ವಾಪಸ್ ಕೊಡಬೇಕಾ? ನೀನು ಮೊದಲೇ ಹೆದರುಪುಕ್ಕಲ, ಅದಕ್ಕೇ ಕೇಳುತ್ತಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನನಗೆ ಮೈ ಸ್ವಲ್ಪ ಉಷ್ಣವಾಗಿದೆ. ಮುಳಬಾಗಿಲಿನಿಂದ ಪುಡಿ ತರಿಸಿ ಬೆಳಿಗ್ಗೆ ಮಜ್ಜಿಗೆಯಲ್ಲಿ ಕುಡಿಯುತ್ತಿದ್ದೇನೆ. ಎಳ್ಳುಬೆಲ್ಲ ಬಸ್ಸಿನಲ್ಲಿ ಕಳಿಸಿದ್ದೇನೆ, ಕಂಡಕ್ಟರ್ ತಿಂದು ಉಳಿಸಿದ್ದು ನಿಮಗೆ.

ಅಕ್ಕ
ಶಾಮಲಮ್ಮ

*

ಮಾಲೂರು
27 ಜನವರಿ 2025

ಅಕ್ಕಾ,

ಭಾನುವಾರ ಅನಿಲನನ್ನು ನೋಡಲು ಶ್ರೀನಿವಾಸಪುರಕ್ಕೆ ಹೋಗಿದ್ದೆ. ಅವನು ಇಳಿದುಹೋಗಿದ್ದಾನೆ, ಆದರೆ ಎದ್ದು ಓಡಾಡುತ್ತಿದ್ದಾನೆ. ಚಿಕ್ಕಗಂಗಮ್ಮ ಚಿಕ್ಕಮ್ಮ ಕಾಫಿ ಕೊಡುತ್ತಾ ತೆಲುಗಿನಲ್ಲಿ ಅಂದರು: "ಮೀ ನಾಯನಕೂ ಇದೇ ಗಡ್ಡ ಗದರಾ."

ನಿಮ್ಮಪ್ಪನಿಗೂ ಇದೇ ಗಡ್ಡ ಅಲ್ಲವೇನೋ, ಎಂದು. ನಾನು ಪೆದ್ದನ ಹಾಗೆ ಕೆನ್ನೆ ಮುಟ್ಟಿಕೊಂಡು, "ಹೌದು ಚಿಕ್ಕಮ್ಮ, ಕೊನೇಲಿ ತುಂಬಾ ಗಡ್ಡ ಬಂದಿತ್ತು" ಎಂದೆ. ಅನಿಲ ನಕ್ಕ. ಹೊಟ್ಟೆಯ ಹೊಲಿಗೆ ಎಳೆದು ಅಯ್ಯೋ ಎಂದ. ಆಮೇಲೆ ಹೇಳಿದ: "ಲೇ, ಆ ಗಡ್ಡ ಅಲ್ಲ ಕಣೋ. ತೆಲುಗಲ್ಲಿ ಗಡ್ಡ ಅಂದ್ರೆ ಗೆಡ್ಡೆ. ಹೊಟ್ಟೆ ಒಳಗಿಂದು."

ಲೋಟ ಅಲ್ಲೇ ಇಟ್ಟು ಎದ್ದುಬಂದೆ ಅಕ್ಕಾ.

ನಿನಗೆ ಇದು ಗೊತ್ತಿಲ್ಲ, ಯಾರಿಗೂ ಹೇಳಿಲ್ಲ. ಆಗ ನಾನು ಮಾಲೂರಿನಲ್ಲಿ ಮಾವನ ಮನೆಯಲ್ಲಿದ್ದು ಓದುತ್ತಿದ್ದೆ. ಅತ್ತೆಯದು ಕನ್ನಡ, ಶಾಲೆಯದು ಕನ್ನಡ. ಮನೆಯ ತೆಲುಗು ಅರ್ಧ ಮರೆತುಹೋಗಿತ್ತು. ಅಪ್ಪ ಹೋದ ದಿನ ನನ್ನನ್ನು ಕರೆತಂದರು. ಚಾಪೆಯ ಮೇಲೆ ಅಪ್ಪನ ಮುಖದ ತುಂಬ ಗಡ್ಡ. ಅಜ್ಜಿ ಎದೆ ಬಡಿದುಕೊಂಡು "ನಾ ಕೊಡುಕು ಗಡ್ಡ ವಚ್ಚಿ ಪೋಯಿನಾಡು" ಎಂದು ಅಳುತ್ತಿದ್ದಳು. ನನ್ನ ಮಗ ಗಡ್ಡ ಬಂದು ಹೋಗಿಬಿಟ್ಟ, ಎಂದು. ಗಡ್ಡ ಬಂದರೆ ಸಾಯುತ್ತಾರೆ ಎಂದುಕೊಂಡೆ. ನೀನು ಆಮೇಲೆ ಕಾಮಾಲೆ ಎಂದೆ. ತಲೆ ಒಪ್ಪಿತು, ಹೊಟ್ಟೆಯೊಳಗಿನ ಹೆದರಿಕೆ ಒಪ್ಪಲಿಲ್ಲ. ಮೀಸೆ ಮೂಡಿದ ದಿನದಿಂದ ಇವತ್ತಿನವರೆಗೆ ಒಂದು ಬೆಳಿಗ್ಗೆಯೂ ಗಡ್ಡ ಬೋಳಿಸದೆ ಇದ್ದವನಲ್ಲ ನಾನು. ಜ್ವರ ಬಂದರೂ ಬೋಳಿಸಿದ್ದೇನೆ. ರಂಜಿತ ನನ್ನನ್ನು ಮದುವೆಯಾದಾಗಿನಿಂದ ಇವರಿಗೆ ಮಿಲಿಟರಿ ಶಿಸ್ತು ಎಂದು ತವರಿನವರ ಮುಂದೆಲ್ಲ ಹೊಗಳುತ್ತಾಳೆ.

ಡಾಕ್ಟರಿಗೆ ಹೇಳಿದೆ. ಅಪ್ಪನ ವಯಸ್ಸು ಕೇಳಿದರು. ನಲವತ್ತಮೂರು ಎಂದೆ. "ಅದಕ್ಕಿಂತ ಹತ್ತು ವರ್ಷ ಮುಂಚೆ, ಮೂವತ್ತಮೂರಕ್ಕೇ ನೀವು ಬರಬೇಕಿತ್ತು" ಎಂದರು. ನನಗೀಗ ನಲವತ್ತೊಂದು. ಎಂಟು ವರ್ಷ ತಡ. ಆ ಎಂಟು ವರ್ಷ ನಿನ್ನ ಕಾಮಾಲೆ ನುಂಗಿದ್ದು.

ಫೆಬ್ರವರಿ ಹತ್ತಕ್ಕೆ ಮಾತ್ರೆ ನುಂಗುತ್ತೇನೆ. ನೀನು ಬರಬೇಕಾಗಿಲ್ಲ.

ಗಂಗಾಧರ

*

ನಂಗಲಿ
19 ಫೆಬ್ರವರಿ 2025

ಗಂಗೂ,

ಮೂರು ಸಲ ಬರೆದು ಮೂರು ಸಲ ಒಲೆಗೆ ಹಾಕಿದೆ. ಇದನ್ನು ಬರೆದ ತಕ್ಷಣ ಡಬ್ಬಿಗೆ ಹಾಕಿಬಿಡುತ್ತೇನೆ.

ಹೌದು, ಗಡ್ಡ. ಅಪ್ಪನಿಗೆ ಒಂದು ವರ್ಷ ರಕ್ತ ಹೋಗುತ್ತಿತ್ತು. ಮೊಳೆರೋಗ ಎಂದರು. ಮುಳಬಾಗಿಲಿನಿಂದ ಪುಡಿ ತಂದು ದಿನಾ ಬೆಳಿಗ್ಗೆ ಮಜ್ಜಿಗೆಯಲ್ಲಿ ಕುಡಿಯುತ್ತಿದ್ದರು. ಕುಡಿಸುತ್ತಿದ್ದವಳು ನಾನೇ. ಕೊನೆಗೆ ಕೋಲಾರಕ್ಕೆ ಕರೆದುಕೊಂಡು ಹೋದಾಗ ಹೊಟ್ಟೆ ಮುಟ್ಟಿ ನೋಡಿ, ಗಡ್ಡ ಈಲಿವರೆಗೂ, ಅಂದರೆ ಲಿವರ್‌ವರೆಗೂ ಹೋಗಿದೆ ಎಂದರು. ಕಣ್ಣು ಹಳದಿಯಾಗಿದ್ದು ಆಮೇಲೆ. ಕಾಮಾಲೆ ಎಂದದ್ದು ಪೂರ್ತಿ ಸುಳ್ಳಲ್ಲ, ಕೊನೆಯ ಹದಿನೈದು ದಿನದ ನಿಜ.

ನನಗಾಗ ಇಪ್ಪತ್ತೊಂದು. ನಿಮ್ಮ ಭಾವನ ಕಡೆಯವರು ನೋಡಿಕೊಂಡು ಹೋಗಿದ್ದರು. ಅಮ್ಮ ನನ್ನ ಕೈಯನ್ನು ತನ್ನ ತಲೆ ಮೇಲೆ ಇಟ್ಟುಕೊಂಡು ಹೇಳಿದಳು: "ಗಡ್ಡ ಅಂದ್ರೆ ಈ ಮನೆ ಹೆಣ್ಣನ್ನ ಯಾರೂ ತಗೊಳ್ಳಲ್ಲ ಶಾಮಲಾ. ಕಾಮಾಲೆ ಅನ್ನು. ತಮ್ಮನಿಗೂ ಅದನ್ನೇ ಹೇಳು, ಮಕ್ಕಳ ಬಾಯಿ ನಿಲ್ಲಲ್ಲ." ಅದೇ ಸುಳ್ಳಿನ ಮೇಲೆ ಮದುವೆಯಾಗಿ ಮೂವತ್ತಮೂರು ವರ್ಷ ಬಾಳುವೆ ಮಾಡಿದ್ದೇನೆ. ನಿಮ್ಮ ಭಾವನಿಗೆ ಇವತ್ತಿಗೂ ಗೊತ್ತಿಲ್ಲ.

ನೀನು ಗಡ್ಡಕ್ಕೆ ಹೆದರಿ ಬೆಳೆದೆ ಎಂದು ಓದಿ ಅತ್ತೆ. ಈರುಳ್ಳಿ ಹೆಚ್ಚುತ್ತಿದ್ದೆ, ಯಾರಿಗೂ ಗೊತ್ತಾಗಲಿಲ್ಲ. ತಪ್ಪಾಯಿತು ಕಣೋ.

ನಿನ್ನ ಪರೀಕ್ಷೆ ಏನಾಯಿತು? ಬಾಯಿ ತುಂಬ ಬೈಯುತ್ತಾದರೂ ಅದೊಂದನ್ನು ಬರೆ.

ಅಕ್ಕ

*

ಮಾಲೂರು
23 ಫೆಬ್ರವರಿ 2025

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಅದು ಮೊದಲು.

ಹಿಂದಿನ ದಿನವೆಲ್ಲ ನೀರು, ಎಳನೀರು, ಹೊಟ್ಟೆ ತೊಳೆಯುವ ಔಷಧಿ. ಅದೊಂದೇ ಕಷ್ಟ. ಮಾತ್ರೆ ದೊಡ್ಡ ನೇರಳೆ ಬೀಜದಷ್ಟು, ತುದಿಯಲ್ಲಿ ಮಿಣಮಿಣ ದೀಪ. ಸಂಜೆಗೆ ಬಂದುಬಿಟ್ಟಿತು. ತೊಳೆದು ವಾಪಸ್ ಕೊಡಬೇಕಾಗಿಲ್ಲ, ನೀನು ಕೇಳಿದ್ದನ್ನು ಹೇಳಿದಾಗ ನರ್ಸು ಬಗ್ಗಿ ಬಗ್ಗಿ ನಕ್ಕಳು.

ಈಗ ನನ್ನ ಪ್ರಶ್ನೆ. ಇವತ್ತು ನಿನ್ನ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದೆ. ಅಪ್ಪ ರಕ್ತ ಹೋಗುತ್ತಿದ್ದುದಕ್ಕೆ ಮುಳಬಾಗಿಲಿನ ಪುಡಿಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕುಡಿಯುತ್ತಿದ್ದರು. ಜನವರಿ ಕಾಗದದಲ್ಲಿ ನೀನು ಮುಳಬಾಗಿಲಿನ ಪುಡಿಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕುಡಿಯುತ್ತಿದ್ದೀಯ. ಉಷ್ಣಕ್ಕೆ ಎಂದು.

ಹೆಂಚಿನ ಕಾರ್ಖಾನೆಯಲ್ಲಿ ನನ್ನ ಕೆಲಸ ಏನೆಂದು ನಿನಗೆ ಗೊತ್ತು. ಒಂದೊಂದೇ ಹೆಂಚು ತಟ್ಟಿ, ಕಣ್ಣಿಗೆ ಕಾಣದ ಬಿರುಕನ್ನು ಸದ್ದಿನಲ್ಲಿ ಹಿಡಿಯುವುದು. ಹದಿನೆಂಟು ವರ್ಷ ಅದನ್ನೇ ಮಾಡಿದವನಿಗೆ ನಿನ್ನ ಕಾಗದದ ಸದ್ದು ಕೇಳಲಿಲ್ಲ. ಮಾತ್ರೆ ಎಷ್ಟು ದಪ್ಪ, ಒಲೆ ಮುಂದೆ ನಿಲ್ಲಬಹುದಾ, ಸಿಕ್ಕಿಕೊಂಡರೆ ಏನು ಎಂದೆಲ್ಲ ಕೇಳಿದೆಯಲ್ಲ. ಒಲೆ ಮುಂದೆ ನಿಲ್ಲುವವನು ನಾನಾ?

ರಕ್ತ ಹೋಗುತ್ತಿದೆಯಾ, ಇಲ್ಲವಾ?

ಗಂಗಾಧರ

*

ನಂಗಲಿ
27 ಫೆಬ್ರವರಿ 2025

ಗಂಗೂ,

ಹೌದು. ದೀಪಾವಳಿಯಿಂದ.

ಯಾರಿಗೂ ಹೇಳಬೇಡ. ರಜನಿಯ ಮದುವೆ ಮೇ ಹದಿನೆಂಟಕ್ಕೆ. ಅದು ಮುಗಿದ ಮಾರನೆಯ ದಿನ ನೀನು ಹೇಳಿದ ಕಡೆಗೆ ಬರುತ್ತೇನೆ. ಈಗ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಪಲಮನೇರಿಗೆ ಸುದ್ದಿ ಹೋಗಲು ಅರ್ಧ ಗಂಟೆ ಸಾಕು, ಎಲ್ಲ ಲಾರಿಯೂ ನನ್ನ ಮೆಸ್ಸಿನ ಮುಂದೆಯೇ ಹೋಗುತ್ತದೆ. ಇನ್ನು ಆ ನಳಿಕೆಯ ಮಾತು ಎತ್ತಬೇಡ. ಪ್ರಾಣ ಹೋದರೂ ಅದನ್ನು ಹಾಕಿಸಿಕೊಳ್ಳುವವಳಲ್ಲ.

ನೀನು ಬರಬೇಡ. ಬಂದರೆ ನಿನ್ನ ಮುಖ ನೋಡಿಯೇ ಎಲ್ಲರಿಗೂ ತಿಳಿಯುತ್ತದೆ.

*

ಮಾಲೂರು
3 ಮಾರ್ಚ್ 2025

ಅಕ್ಕಾ,

ನಾನೂ ಒಂದು ಬಚ್ಚಿಟ್ಟಿದ್ದೆ. ಒಂದೇ ರಕ್ತ ನೋಡು.

ನನ್ನ ಮಾತ್ರೆಯ ಚಿತ್ರದಲ್ಲಿ ಎರಡು ಸಣ್ಣ ಗುಳ್ಳೆ ಕಂಡವು. ಏನಾದರೂ ಕಂಡರೆ ನಳಿಕೆಗೆ ಒಪ್ಪಬೇಕು ಎಂದು ಡಾಕ್ಟರು ಮೊದಲೇ ಮಾತು ತೆಗೆದುಕೊಂಡಿದ್ದರು. ಹಾಕಿಸಿಕೊಂಡೆ. ನಿದ್ದೆಯ ಇಂಜೆಕ್ಷನ್ ಕೊಟ್ಟರು, ಎದ್ದಾಗ ಮುಗಿದಿತ್ತು. ಎರಡನ್ನೂ ಅಲ್ಲೇ ತೆಗೆದರು. ಇನ್ನೂ ಕ್ಯಾನ್ಸರ್ ಆಗಿರಲಿಲ್ಲ. ಬಿಟ್ಟಿದ್ದರೆ ಆಗುತ್ತಿತ್ತೋ ಏನೋ. ನೀನು ಹೆದರುತ್ತೀಯೆಂದು ಬರೆಯಲಿಲ್ಲ. ಹೆದರಿಸದೆ ಇರುವುದಕ್ಕೇ ಅಲ್ಲವಾ ಈ ಮನೆಯಲ್ಲಿ ಎಲ್ಲರೂ ಸುಳ್ಳು ಹೇಳುವುದು?

ಡಾಕ್ಟರನ್ನು ಕೇಳಿದೆ. ರಕ್ತ ಹೋಗುವವರಿಗೆ ನೇರವಾಗಿ ನಳಿಕೆಯೇ ಸರಿ, ಮಾತ್ರೆ ಅದಕ್ಕೆ ಬದಲಲ್ಲ ಎಂದರು. ನಮ್ಮಕ್ಕ ಸತ್ತರೂ ಒಪ್ಪಲ್ಲ ಎಂದೆ. ಸುಮ್ಮನೆ ಕೂರುವುದಕ್ಕಿಂತ ಮಾತ್ರೆಯಾದರೂ ನುಂಗಲಿ, ಮೊದಲು ಸ್ಕ್ಯಾನ್ ಮಾಡಿ ದಾರಿ ಬಿಟ್ಟಿದೆಯಾ ನೋಡೋಣ ಎಂದರು. ಸಿಕ್ಕಿಕೊಳ್ಳುವ ಅಪಾಯ ಇದ್ದೇ ಇದೆಯಂತೆ, ಅದಕ್ಕೆ ಸಹಿ ಹಾಕಬೇಕು.

ಮೇ ತಿಂಗಳವರೆಗೆ ನಾನು ಕಾಯುವುದಿಲ್ಲ. ಮಾರ್ಚ್ ಹದಿನೆಂಟಕ್ಕೆ ನಿನ್ನ ಹೆಸರು ಬರೆಸಿದ್ದೇನೆ. ಕೋಲಾರಕ್ಕೆ ಸೀರೆ ತರಲು ಹೋಗುತ್ತೇನೆಂದು ಹೊರಡು, ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಬರದಿದ್ದರೆ ಹತ್ತೊಂಬತ್ತಕ್ಕೆ ನಿನಗೆ ಫೋನ್ ಮಾಡುತ್ತೇನೆ. ಸ್ಪೀಕರಿನಲ್ಲಿ ಏನು ಹೇಳುತ್ತೇನೆಂದು ನೀನೇ ಊಹಿಸಿಕೋ.

ಮಾತ್ರೆ ಹೊರಗೆ ಬಂದಮೇಲೆ ಫೋನಿನಲ್ಲಿ "ಪಾರ್ಸೆಲ್ ಬಂತು" ಎನ್ನು. ನನಗೆ ತಿಳಿಯುತ್ತದೆ.

ಗಂಗಾಧರ

*

ಮಾಲೂರು
24 ಮಾರ್ಚ್ 2025

ಅಕ್ಕಾ,

ಪಾರ್ಸೆಲ್ ಬಂತಾ ಎಂದು ದಿನಾ ಕೇಳುತ್ತಿದ್ದೇನೆ, ಇಲ್ಲ ಎನ್ನುತ್ತೀಯ. ನೀನು ಮಾತ್ರೆ ನುಂಗಿ ಇವತ್ತಿಗೆ ಆರು ದಿನ. ಈ ಕಾಗದವನ್ನು ಹಿಟ್ಟಿನ ಡಬ್ಬದ ಹಿಂದೆ ನಿಂತು ಓದಬೇಡ, ಕೂತು ಓದು.

ಚಿತ್ರಗಳನ್ನು ನೋಡಿದರಂತೆ. ಕರುಳಿನ ಎಡಗಡೆ ಒಂದು ಗಡ್ಡ ಇದೆ. ಸ್ಕ್ಯಾನಿನಲ್ಲಿ ದಾರಿ ಇದೆ ಎನಿಸಿತ್ತು, ಆದರೆ ಅಲ್ಲಿಗೆ ಹೋದಮೇಲೆ ಮಾತ್ರೆ ಮುಂದಕ್ಕೆ ಸಾಗಿಲ್ಲ. ಬ್ಯಾಟರಿ ಮುಗಿಯುವವರೆಗೆ ಎರಡು ಗಂಟೆ ಅದನ್ನೇ ನೋಡುತ್ತಾ ನಿಂತಿದೆ. ಡಾಕ್ಟರು ಒಂದಾದ ಮೇಲೊಂದು ಚಿತ್ರ ತೋರಿಸಿದರು, ಎಲ್ಲವೂ ಅದೇ. ನಾನು ನೋಡಿದೆ. ಅಪ್ಪನನ್ನು ಕೊಂದದ್ದು ಹೇಗಿತ್ತೆಂದು ಈಗ ನನಗೆ ಗೊತ್ತು.

ನಳಿಕೆ ಹಾಕಿ ಒಂದು ಚೂರು ತೆಗೆದು ನೋಡಬೇಕು, ಆಮೇಲೆ ಆಪರೇಷನ್. ಈಗ ಮಾಡಿದರೆ ತೆಗೆಯಬಹುದು ಎಂದರು. ಮೇ ಎಂದದ್ದಕ್ಕೆ, ಅಷ್ಟು ದಿನ ಕಾಯುವ ಹಾಗಿಲ್ಲ ಎಂದರು. ಹೊಟ್ಟೆ ಉಬ್ಬಿ ವಾಂತಿ ಬಂದರೆ ಒಂದು ನಿಮಿಷ ತಡಮಾಡದೆ ಬರಬೇಕಂತೆ.

ನಾನು ನಿನ್ನನ್ನು ಬೇಡಿಕೊಳ್ಳುತ್ತಿದ್ದೇನೆ. ಅಪ್ಪನಿಗೆ ಮಜ್ಜಿಗೆ ಕುಡಿಸಿದ ಕೈಯಿಂದ ನೀನೂ ಅದನ್ನೇ ಕುಡಿಯಬೇಡ. ಭಾವನಿಗೆ ಹೇಳು. ನಿನ್ನ ಕೈಲಾಗದಿದ್ದರೆ ನಾನೇ ಬಂದು ಹೇಳುತ್ತೇನೆ.

ಗಂಗಾಧರ

*

ನಂಗಲಿ
29 ಮಾರ್ಚ್ 2025

ಗಂಗೂ,

ನಿನ್ನ ಕಾಗದ ಬರುವ ಮುಂಚೆಯೇ ನನಗೆ ಗೊತ್ತಾಗಿತ್ತು. ಎರಡು ದಿನ "ಪಾರ್ಸೆಲ್ ಬಂತಾ" ಎಂದು ಕೇಳಿದವನು ಮೂರನೆಯ ದಿನದಿಂದ "ಪಾರ್ಸೆಲ್ ಬಂತಾ ಅಕ್ಕಾ" ಎನ್ನತೊಡಗಿದೆ. ಆ ಒಂದು ಅಕ್ಕಾ ಸಾಕು. ನನಗೆ ಕಿವಿ ಮಂದ, ಅಷ್ಟೂ ಮಂದ ಅಲ್ಲ.

ಮೆಸ್ಸಿನಲ್ಲಿ ಈಗ ಎಲ್ಲರಿಗೂ ಪಾರ್ಸೆಲ್ಲಿನದೇ ಚಿಂತೆ. ದಿನಾ ಊಟಕ್ಕೆ ಬರುವ ಡ್ರೈವರ್ ಶಾನವಾಜ್, "ಅಕ್ಕಾ, ಯಾವ ಕೊರಿಯರ್ ಹೇಳಿ, ಹೋಗಿ ಕಾಲರ್ ಹಿಡಿದು ಕೇಳ್ತೀನಿ" ಎಂದು ತೋಳು ಮಡಿಸಿದ. ನಾನು ನಗುತ್ತಾ ಸಾರು ಬಡಿಸಿದೆ, ಬಡಿಸುತ್ತಲೇ ಅತ್ತುಬಿಟ್ಟೆ. ಈ ಸಲ ಈರುಳ್ಳಿ ಇರಲಿಲ್ಲ. ನಿಮ್ಮ ಭಾವ ನೋಡಿದರು.

ಮೂರು ಗಂಟೆಗೆ ಎಲ್ಲರೂ ಹೋದಮೇಲೆ ಬೆಂಚಿನ ಮೇಲೆ ಕೂರಿಸಿ ಕೇಳಿದರು. ಎಲ್ಲ ಹೇಳಿದೆ. ಮಾತ್ರೆ, ರಕ್ತ, ಅಪ್ಪ, ಕಾಮಾಲೆ, ಅಮ್ಮನ ತಲೆಯ ಮೇಲಿನ ಆಣೆ. ಸುಳ್ಳು ಹೇಳಿ ನಿಮ್ಮನ್ನು ಕಟ್ಟಿಕೊಂಡೆ, ಏನು ಬೇಕಾದರೂ ಅನ್ನಿ ಎಂದೆ. ಅವರು ತುಂಬಾ ಹೊತ್ತು ಟೇಬಲ್ ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ಆಮೇಲೆ ಹೇಳಿದರು: "ನಿಮ್ಮಪ್ಪಂಗೆ ಗಡ್ಡ ಅಂತ ನಂಗಲಿಗೆಲ್ಲ ಗೊತ್ತಿತ್ತು ಕಣೇ. ನಮ್ಮಮ್ಮನೂ ಬೇಡ ಅಂದಿದ್ಲು. ನಾನು ಗೊತ್ತಿದ್ದೇ ಮಾಡ್ಕೊಂಡಿದ್ದು. ನೀನು ಹೇಳಕ್ಕೆ ಇಷ್ಟ ಇಲ್ಲ ಅಂತ ಸುಮ್ನಿದ್ದೆ."

ಮೂವತ್ತಮೂರು ವರ್ಷ ಕಣೋ. ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗಬಾರದೆಂದು ಬಾಯಿ ಮುಚ್ಚಿಕೊಂಡು ಇದ್ದೆವು. ಕೊನೆಗೆ ನಿಜವಾಗಿ ಗೊತ್ತಿಲ್ಲದೆ ಉಳಿದವನು ನೀನೊಬ್ಬನೇ. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಅವರ ಕೈಯಿಂದ ಬಟ್ಟೆ ಕಿತ್ತುಕೊಂಡು ಮೋರಿಗೆ ಎಸೆದೆ. ಆಮೇಲೆ ಅವರ ಭುಜಕ್ಕೆ ಒರಗಿ ಕೂತೆ.

ನಿಮ್ಮ ಭಾವ ಪೆದ್ದಪ್ಪ ಎಂದು ಹೆಸರಿಟ್ಟುಕೊಂಡಿದ್ದಾರೆ, ಪೆದ್ದರಲ್ಲ. ಪಲಮನೇರಿಗೆ ತಾವೇ ಹೋಗಿ ಹೇಳುತ್ತಾರಂತೆ. ರಜನಿಗೆ ನಾನೇ ಹೇಳಿದೆ. ಅವಳು "ನಾನು ಯಾವ ವರ್ಷಕ್ಕೆ ತೋರಿಸ್ಕೋಬೇಕು?" ಎಂದು ಕೇಳಿದಳು. ಅದು ಬಿಟ್ಟು ಇನ್ನೇನೂ ಕೇಳಲಿಲ್ಲ. ನಾನು ಇಪ್ಪತ್ತೊಂದರಲ್ಲಿ ಇದನ್ನು ಕೇಳಬಾರದಾಗಿತ್ತಾ?

ನಳಿಕೆಗೆ ಬರೆಸು. ಪುಡಿಯ ಡಬ್ಬಿಯನ್ನು ಮೋರಿಗೆ ಸುರಿದೆ.

ಅಕ್ಕ

*

ಕೋಲಾರ, ಆಸ್ಪತ್ರೆ
24 ಏಪ್ರಿಲ್ 2025

ಗಂಗೂ,

ನೀನು ದಿನಾ ಸಂಜೆ ಮಾಲೂರಿನಿಂದ ಬಂದು ಎದುರಿಗೆ ಕೂರುತ್ತೀಯ. ಆಗ ಏನೂ ಹೇಳಲಾಗುವುದಿಲ್ಲ. ಇಬ್ಬರೂ ಫ್ಯಾನ್ ನೋಡುತ್ತೇವೆ. ಅದಕ್ಕೆ ಬರೆಯುತ್ತಿದ್ದೇನೆ. ರಜನಿ ಡಬ್ಬಿಗೆ ಹಾಕುತ್ತಾಳೆ.

ಬೆಳಿಗ್ಗೆ ಡಾಕ್ಟರು ಆಪರೇಷನ್ನಿನ ರಿಪೋರ್ಟ್ ಹಿಡಿದು ಬಂದಿದ್ದರು. ಆಣೆಗೂ ಎಲ್ಲ ಬರೆಯುತ್ತೇನೆ. ಕರುಳಿನ ಸುತ್ತಲಿನ ಹದಿನಾಲ್ಕು ಗ್ರಂಥಿ ನೋಡಿದರಂತೆ, ಎರಡರಲ್ಲಿ ರೋಗ ಇದೆ. ಈಲಿಗೆ ಹೋಗಿಲ್ಲ. ಆರು ತಿಂಗಳು ಔಷಧಿ ಏರಿಸುತ್ತಾರೆ, ಕೂದಲು ತೆಳ್ಳಗಾಗಬಹುದು, ಕೈಕಾಲು ಜುಮ್ಮೆನ್ನಬಹುದು. ಗುಣವಾಗುತ್ತದಾ ಎಂದೆ. "ಆಗುವವರೇ ಹೆಚ್ಚು" ಎಂದರು. ಆ ಮಾತನ್ನು ಬೆಳಿಗ್ಗೆಯಿಂದ ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಹೆದರಿಕೆ ಆಗುತ್ತದೆ. ಹೇಳಿಬಿಟ್ಟರೆ ಸ್ವಲ್ಪ ಕಡಿಮೆಯಾಗುತ್ತದೆ, ಇದು ನನಗೆ ಐವತ್ತೈದಕ್ಕೆ ತಿಳಿಯಿತು.

ಪಲಮನೇರಿನವರು ಇನ್ನೂ ಏನೂ ಹೇಳಿಲ್ಲ. ಹುಡುಗ ಮಾತ್ರ ಫೋನ್ ಮಾಡಿ ಅತ್ತೆ ಹೇಗಿದ್ದಾರೆ ಎಂದು ಕೇಳಿದನಂತೆ. ನೋಡೋಣ.

ನಿನ್ನೆ ರಜನಿಗೂ ಆ ಫಾರಂ ಕೊಟ್ಟರು. ನಾನೇ ಕೈಚಾಚಿ ಇಸಿದುಕೊಂಡು ತುಂಬಿದೆ. ತಾತ: ಗಡ್ಡ, ನಲವತ್ತಮೂರು. ಕಾಮಾಲೆ ಎಂದು ಬರೆಯಲಿಲ್ಲ. ಅದರ ಕೆಳಗೆ, ತಾಯಿ: ಮರಣದ ಕಾರಣ. ಅಲ್ಲಿ "ಇದ್ದೇನೆ" ಎಂದು ಬರೆದೆ.

ಇನ್ನೊಂದು. ಆಪರೇಷನ್ ಆಗಿ ಕಣ್ಣು ಬಿಟ್ಟಾಗ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಮುಖದ ತುಂಬ ಗಡ್ಡ. ಕರೆದುಕೊಂಡು ಹೋಗಲು ಬಂದರು ಎಂದುಕೊಂಡೆ. ಹತ್ತಿರ ಬಂದಮೇಲೆ ನೋಡಿದರೆ ನೀನು. ಹನ್ನೆರಡು ದಿನದಿಂದ ಬೋಳಿಸಿಲ್ಲ ಎಂದು ರಂಜಿತ ಹೇಳಿದಳು. ಜ್ವರದಲ್ಲೂ ಬಿಡದವನು ನನಗೋಸ್ಕರ ಮರೆತೆಯಲ್ಲ.

ಆ ಮಾತ್ರೆ ಕರುಳಿನ ಗಡ್ಡದ ಹಿಂದೆಯೇ ಇತ್ತಂತೆ. ಎರಡನ್ನೂ ಒಟ್ಟಿಗೆ ತೆಗೆದರು. ಶಾನವಾಜನಿಗೆ ನೀನೇ ಫೋನ್ ಮಾಡಿ ಹೇಳು, ಪಾರ್ಸೆಲ್ ಬಂತು ಎಂದು.

ನನ್ನ ಗಡ್ಡ ಹೋಯಿತು ಕಣೋ. ನಿನ್ನದು ಇರಲಿ ಬಿಡು.

ಅಕ್ಕ